ಮೂಲಮನೆ ಮುಳುಗಿದ ಮೇಲೂ ವರ್ಷಕ್ಕೊಮ್ಮೆ ಸೇರುವುದು: ಕುಟುಂಬ ಸಮ್ಮಿಲನ ನಡೆಸುವವರಿಗೊಂದು ಕೈಪಿಡಿ

ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡು ಹಿನ್ನೀರು ನಿಂತಾಗ, ಸಾಗರ ಸೀಮೆಯ ಎಷ್ಟೋ ಊರುಗಳೊಂದಿಗೆ ನಮ್ಮ ಹಿರಿಯರ ಮನೆಯೂ ಅಡಕೆ ತೋಟವೂ ನೀರಿನಡಿಗೆ ಹೋದವು. ಒಂದೇ ಒಲೆಯಲ್ಲಿ ಉಂಡಿದ್ದ ನಾಲ್ವರು ಅಣ್ಣತಮ್ಮಂದಿರು ಜಮೀನು ಸಿಕ್ಕ ಸಿಕ್ಕ ಕಡೆ ನೆಲೆ ನಿಂತರು: ಒಬ್ಬರು ಶಿವಮೊಗ್ಗದ ಹತ್ತಿರ, ಒಬ್ಬರು ಸೊರಬದ ಕಡೆ, ಉಳಿದಿಬ್ಬರು ಸಾಗರದ ಆಸುಪಾಸಿನಲ್ಲಿ. ಅವರ ಮೊಮ್ಮಕ್ಕಳು ಈಗ ಬೆಂಗಳೂರು, ಪುಣೆ, ಅಮೆರಿಕಗಳಲ್ಲಿದ್ದಾರೆ. ಬಂದು ಸೇರಲು ಮೂಲಮನೆಯೇ ಇಲ್ಲದ ಈ ಕುಟುಂಬ ಇಪ್ಪತ್ತು ವರ್ಷಗಳಿಗೂ ಮೀರಿ ಪ್ರತಿ ಮೇ ತಿಂಗಳಲ್ಲಿ ಎರಡು ದಿನ ಒಟ್ಟಾಗಿ ಕಳೆಯುತ್ತ ಬಂದಿದೆ. ನಿಮ್ಮ ಕುಟುಂಬದಲ್ಲಿ ಇಂಥದ್ದನ್ನು ಆರಂಭಿಸಬೇಕೆಂದಿದ್ದರೆ, ಅಥವಾ ಆರಂಭಿಸಿ ನಾಲ್ಕು ವರ್ಷದಲ್ಲಿ ನಿಂತುಹೋಗಿದ್ದರೆ, ನಮ್ಮ ಅನುಭವದಿಂದ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಎಲ್ಲಕ್ಕೂ ಮೊದಲು ಹೇಳಬೇಕಾದ ಮಾತೊಂದಿದೆ. ಊಟಕ್ಕೆ ಕರೆದರೆ ಜನ ಒಂದೆರಡು ವರ್ಷ ಸಂತೋಷವಾಗಿಯೇ ಬರುತ್ತಾರೆ. ಆಮೇಲೆ ಯಾವುದೋ ಮದುವೆ, ಯಾವುದೋ ಪ್ರವಾಸ ಅಡ್ಡ ಬರುತ್ತದೆ. ತಾನು ಹೋಗದಿದ್ದರೆ ಅಲ್ಲಿ ಒಂದು ಕೆಲಸ ನಿಲ್ಲುತ್ತದೆ ಎಂದು ತಿಳಿದಿರುವವರು ಮಾತ್ರ ಆ ಅಡ್ಡಿಗಳನ್ನು ದಾಟಿ ಬರುತ್ತಾರೆ. ಆದ್ದರಿಂದ ಸಮ್ಮಿಲನವನ್ನು ಯೋಜಿಸುವಾಗ ಏನು ಬಡಿಸಬೇಕು ಎಂಬುದಕ್ಕಿಂತ ಮುಂಚೆ ಯಾರಿಗೆ ಯಾವ ಕೆಲಸ ಎಂದು ಯೋಚಿಸಿ. ಮುಂದೆ ಬರುವ ಎಲ್ಲ ಸಲಹೆಗಳೂ ಈ ಒಂದು ಮಾತಿನಿಂದಲೇ ಹುಟ್ಟಿದವು.

ದಿನ ಗೊತ್ತುಮಾಡುವುದು

ದಿನಾಂಕವನ್ನು ಪ್ರತಿವರ್ಷ ಚರ್ಚಿಸಿ ನಿರ್ಧರಿಸುವ ಪದ್ಧತಿಯನ್ನು ಮೊದಲ ವರ್ಷವೇ ಕೈಬಿಡಿ. ನಾವು ಆರಂಭದಲ್ಲಿ ಎಲ್ಲರ ಅನುಕೂಲ ಕೇಳುತ್ತಿದ್ದೆವು; ಫೋನು ಮಾಡಿ ಮುಗಿಸುವಷ್ಟರಲ್ಲಿ ತಿಂಗಳು ಕಳೆಯುತ್ತಿತ್ತು, ಕೊನೆಗೂ ಯಾರಾದರೂ ಇಬ್ಬರಿಗೆ ಬೇಸರವಾಗುತ್ತಿತ್ತು. ಈಗ ಮೇ ತಿಂಗಳ ಎರಡನೆಯ ಶನಿವಾರ ಮತ್ತು ಅದರ ಮರುದಿನ ಎಂದು ಶಾಶ್ವತವಾಗಿ ನಿಶ್ಚಯಿಸಿದ್ದೇವೆ. ಇದಕ್ಕೆ ಕಾರಣಗಳಿವೆ. ಶಾಲೆಗಳಿಗೆ ಬೇಸಿಗೆ ರಜೆ ಇರುತ್ತದೆ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆಯಾದ್ದರಿಂದ ಬ್ಯಾಂಕಿನಲ್ಲಿರುವವರೂ ಬರಬಹುದು. ಕೊನೆಕೊಯ್ಲು ಮತ್ತು ಅಡಕೆ ಬೇಯಿಸುವ ಕೆಲಸ ಮುಗಿದು ಅಂಗಳ ಖಾಲಿಯಾಗಿರುತ್ತದೆ. ಜೂನ್ ಬಂತೆಂದರೆ ಮಳೆ ಹಿಡಿಯುತ್ತದೆ, ತೋಟಕ್ಕೆ ಕೊಳೆ ಔಷಧಿ ಹೊಡೆಯುವ ಗಡಿಬಿಡಿ ಶುರುವಾಗುತ್ತದೆ. ಮೇ ತಿಂಗಳಿನ ತೊಂದರೆಯೆಂದರೆ ಮದುವೆ ಮುಹೂರ್ತಗಳು. ಅಡುಗೆಯವರೂ ಸಿಗುವುದು ಕಷ್ಟ, ಸ್ವಂತ ನೆಂಟರೇ ಬೇರೆ ಮನೆಯ ಮದುವೆಗೆ ಹೋಗಬೇಕಾಗಬಹುದು. ಮುಹೂರ್ತದ ಕಾಟ ಬೇಡವೆನ್ನುವ ಕುಟುಂಬಗಳು ಡಿಸೆಂಬರ್ ಕೊನೆಯ ವಾರವನ್ನು ಆರಿಸಿಕೊಳ್ಳಬಹುದು: ಆಗ ಧನುರ್ಮಾಸವಾದ್ದರಿಂದ ಮದುವೆಗಳಿರುವುದಿಲ್ಲ, ಛತ್ರಗಳು ಖಾಲಿ ಇರುತ್ತವೆ, ಅಡುಗೆ ಭಟ್ಟರು ಬಿಡುವಾಗಿರುತ್ತಾರೆ, ಹೊರದೇಶದಲ್ಲಿರುವವರಿಗೂ ರಜೆ ಸಿಗುತ್ತದೆ. ಆದರೆ ತೋಟವಿರುವವರಿಗೆ ಅದು ಕೊಯ್ಲಿನ ನಡುಮಧ್ಯದ ಕಾಲ. ಯಾರ ಅನುಕೂಲವನ್ನು ಬಿಡಬಹುದು, ಯಾರದ್ದನ್ನು ಬಿಡಬಾರದು ಎಂದು ನಿಮ್ಮ ಕುಟುಂಬವೇ ನಿರ್ಧರಿಸಬೇಕು. ನಾವು ಊರಿನಲ್ಲಿ ಉಳಿದವರ ಪರವಾಗಿ ನಿರ್ಧರಿಸಿದೆವು, ಏಕೆಂದರೆ ಕೆಲಸದ ಹೆಚ್ಚಿನ ಭಾರ ಹೊರುವವರು ಅವರು.

ದಿನ ನಿಶ್ಚಿತವಾಗಿದ್ದರೂ ಕಾಗದದಲ್ಲಿ ಅಥವಾ ವಾಟ್ಸಾಪಿನಲ್ಲಿ ಮೂರು ತಿಂಗಳ ಮುಂಚೆ ಒಮ್ಮೆ ತಿಳಿಸಿ. ರೈಲಿನ ಟಿಕೆಟನ್ನು ಮುಂಗಡವಾಗಿ ಕಾಯ್ದಿರಿಸುವ ಅವಧಿಯನ್ನು 2024ರ ನವೆಂಬರ್ 1ರಿಂದ 120 ದಿನದಿಂದ 60 ದಿನಕ್ಕೆ ಇಳಿಸಿದ್ದಾರೆ. ಬೇಸಿಗೆ ರಜೆಯಲ್ಲಿ ತಾಳಗುಪ್ಪದ ರೈಲುಗಳು ಬೇಗ ತುಂಬುವುದರಿಂದ, ಅರವತ್ತನೆಯ ದಿನ ಬೆಳಿಗ್ಗೆಯೇ ನೆನಪಿಸುವ ಕೆಲಸವನ್ನು ಒಬ್ಬರಿಗೆ ವಹಿಸಿ. ನಮ್ಮಲ್ಲಿ ಅದು ಕಾಲೇಜಿನಲ್ಲಿ ಓದುವ ಒಬ್ಬ ಹುಡುಗಿಯ ಕೆಲಸ. ಅವಳು ಎಲ್ಲ ಮನೆಗಳಿಗೂ ಸಂದೇಶ ಕಳಿಸುತ್ತಾಳೆ, ಮೊಬೈಲ್ ಬಳಸದ ಹಿರಿಯರಿಗೆ ಕರೆ ಮಾಡಿ ಮಾತಾಡುತ್ತಾಳೆ. ಆ ಒಂದು ಕೆಲಸದಿಂದಾಗಿ ಅವಳಿಗೆ ಇಡೀ ಕುಟುಂಬದ ಪರಿಚಯವಾಯಿತು.

ಸರದಿ ಮತ್ತು ಹಣ

ಸಮ್ಮಿಲನವನ್ನು ಒಂದೇ ಮನೆಯವರ ಹೆಗಲಿಗೆ ಹಾಕಬೇಡಿ, ಅವರು ಎಷ್ಟೇ ಉತ್ಸಾಹಿಗಳಾಗಿದ್ದರೂ ಸರಿ. ನಮ್ಮಲ್ಲಿ ನಾಲ್ಕು ಕವಲುಗಳಿವೆ. ವರ್ಷಕ್ಕೊಂದು ಕವಲಿನಂತೆ ಸರದಿ ಬರುತ್ತದೆ. ಸರದಿಯ ಕವಲಿನವರು ಜಾಗ, ನೀರು, ಮಲಗುವ ವ್ಯವಸ್ಥೆ ನೋಡಿಕೊಳ್ಳುತ್ತಾರೆ. ಹಿಂದಿನ ವರ್ಷ ನಡೆಸಿದ ಕವಲಿನಿಂದ ಇಬ್ಬರು ಸಲಹೆಗೆ ನಿಲ್ಲುತ್ತಾರೆ, ಮುಂದಿನ ವರ್ಷ ನಡೆಸಬೇಕಾದ ಕವಲಿನಿಂದ ಇಬ್ಬರು ಕಲಿಯಲು ನಿಲ್ಲುತ್ತಾರೆ. ಹೀಗೆ ಮಾಡಿದರೆ ಪ್ರತಿ ವರ್ಷ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾದ ಅಗತ್ಯ ಬರುವುದಿಲ್ಲ. ಹೆಣ್ಣುಮಕ್ಕಳನ್ನು ಕೊಟ್ಟ ಮನೆಗಳನ್ನೂ ಅವರ ತವರಿನ ಕವಲಿಗೆ ಸೇರಿಸಿಕೊಳ್ಳಿ, ನೆಂಟರೆಂದು ಕೂರಿಸದೆ ಕೆಲಸದಲ್ಲಿ ಪಾಲು ಕೊಡಿ. ನಮ್ಮ ಅತ್ತೆಯೊಬ್ಬರು ಮದುವೆಯಾಗಿ ನಲವತ್ತು ವರ್ಷವಾದ ಮೇಲೆ ಮೊದಲ ಸಲ ತವರಿನ ಸರದಿಯಲ್ಲಿ ಉಗ್ರಾಣದ ಹೊಣೆ ಹೊತ್ತರು. ಆ ಎರಡು ದಿನ ಅವರು ಉಗ್ರಾಣದ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಓಡಾಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಹಣದ ವಿಷಯದಲ್ಲಿ ನಾವು ಪೆಟ್ಟು ತಿಂದು ಕಲಿತವರು. ಒಂದು ವರ್ಷ ಖರ್ಚು ಕಳೆದು ಸ್ವಲ್ಪ ಹಣ ಉಳಿದಿತ್ತು. ಮುಂದಿನ ವರ್ಷಕ್ಕಾಗುತ್ತದೆ ಎಂದು ಲೆಕ್ಕ ಓದದೆ ಇಟ್ಟುಕೊಂಡೆವು. ಯಾರೂ ಒಂದು ರೂಪಾಯಿ ಮುಟ್ಟಿರಲಿಲ್ಲ, ಆದರೂ ಮಾತು ಹುಟ್ಟಿತು, ಎರಡು ಮನೆಯವರು ಮೂರು ವರ್ಷ ಬರಲಿಲ್ಲ. ಆ ಮೂರು ವರ್ಷದಲ್ಲಿ ಆ ಮನೆಯ ಹಿರಿಯರೊಬ್ಬರು ತೀರಿಕೊಂಡರು. ಅವರ ಬಾಯಿಂದ ಕೇಳಿ ಬರೆದುಕೊಳ್ಳಬೇಕಾಗಿದ್ದ ಹಳೆಯ ಊರಿನ ಸಂಗತಿಗಳು ಅವರೊಂದಿಗೇ ಹೋದವು. ಅಂದಿನಿಂದ ನಾವು ತಪ್ಪದೆ ಪಾಲಿಸುವ ನಿಯಮಗಳು ಹೀಗಿವೆ. ಪ್ರತಿ ಮನೆಗೂ ಒಂದೇ ಮೊತ್ತದ ವಂತಿಗೆ, ಅದೂ ಅತ್ಯಂತ ಕಡಿಮೆ ಆದಾಯದ ಮನೆಯವರು ಯೋಚಿಸದೆ ಕೊಡುವಷ್ಟು. ಹೆಚ್ಚು ಕೊಡಬೇಕೆನ್ನುವವರು ಅಕ್ಕಿ, ತೆಂಗಿನಕಾಯಿ, ಬೆಲ್ಲ, ಬಾಳೆ ಎಲೆಯ ರೂಪದಲ್ಲಿ ಕೊಡಬಹುದು. ಯಾರು ಎಷ್ಟು ಕೊಟ್ಟರೆಂದು ಘೋಷಿಸುವುದಿಲ್ಲ. ಬ್ಯಾಂಕ್ ಖಾತೆಯನ್ನು ಬೇರೆ ಬೇರೆ ಕವಲಿನ ಇಬ್ಬರ ಜಂಟಿ ಹೆಸರಿನಲ್ಲಿ ತೆರೆದು, ಇಬ್ಬರ ಸಹಿಯೂ ಇರಲೇಬೇಕೆಂದು ಬರೆಸಿದ್ದೇವೆ. ಭಾನುವಾರ ಮಧ್ಯಾಹ್ನದ ಎಲೆ ಹಾಕುವ ಮುಂಚೆ ಜಮಾ-ಖರ್ಚನ್ನು ಎಲ್ಲರೆದುರು ಗಟ್ಟಿಯಾಗಿ ಓದಿ, ಉಳಿಕೆಯನ್ನು ಪುಸ್ತಕದಲ್ಲಿ ಬರೆದು, ಪ್ರತಿ ಕವಲಿನ ಒಬ್ಬರ ಸಹಿ ಹಾಕಿಸುತ್ತೇವೆ. ಹತ್ತು ನಿಮಿಷದ ಕೆಲಸವಿದು. ಹಸಿವಾಗಿದೆ ಎಂದು ಯಾರು ಅವಸರ ಮಾಡಿದರೂ ಬಿಡಬೇಡಿ.

ಊಟ, ನೀರು

ಅಡುಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಪ್ರತಿ ಸೀಮೆಗೂ ಅದರದ್ದೇ ಊಟವಿದೆ. ಲೆಕ್ಕಕ್ಕೆ ಬೇಕಾದರೆ: ಪಾಯಸ, ಪಲ್ಯ, ಹುಳಿ ಇರುವ ಮಧ್ಯಾಹ್ನದೂಟಕ್ಕೆ ಒಂದು ಕಿಲೋ ಅಕ್ಕಿ ಎಂಟರಿಂದ ಹತ್ತು ಜನರಿಗೆ ಸಾಕಾಗುತ್ತದೆ, ನೂರಿಪ್ಪತ್ತು ಜನರಿಗೆ ನಾವು ಹದಿನಾಲ್ಕು ಕಿಲೋ ಹಿಡಿಯುತ್ತೇವೆ. ಬಾಳೆ ಎಲೆಯನ್ನು ಎಣಿಕೆಗಿಂತ ಇಪ್ಪತ್ತಾದರೂ ಹೆಚ್ಚು ತನ್ನಿ, ಹರಿದವು ಇದ್ದೇ ಇರುತ್ತವೆ. ಬೇಸಿಗೆಯ ಸೆಖೆಗೆ ಅಪ್ಪೆಹುಳಿ ಮತ್ತು ಮಜ್ಜಿಗೆಯಷ್ಟು ಒಗ್ಗುವುದು ಬೇರೆ ಇಲ್ಲ. ಮಲೆನಾಡಿನಲ್ಲಿ ನೀರಿನ ಚಿಂತೆ ಇಲ್ಲವೆಂದು ತಿಳಿಯಬೇಡಿ. ಮೇ ತಿಂಗಳಲ್ಲಿ ನಮ್ಮ ಬಾವಿಗಳು ತಳ ಕಾಣುತ್ತವೆ. ಸರದಿಯ ಮನೆಯವರು ಏಪ್ರಿಲ್ ಮಧ್ಯದಲ್ಲೇ ಬಾವಿಯಲ್ಲಿ ಎಷ್ಟು ನೀರಿದೆಯೆಂದು ನೋಡಿ, ಅನುಮಾನವಿದ್ದರೆ ಟ್ಯಾಂಕರಿಗೆ ಹೇಳಿಡಬೇಕು.

ಬಡಿಸುವ ಕೆಲಸ ಮಾತ್ರ ಹೊರಗಿನವರಿಗೆ ಕೊಡಬೇಡಿ. ನಮ್ಮಲ್ಲಿ ಆ ವರ್ಷ ಮದುವೆಯಾಗಿ ಕುಟುಂಬಕ್ಕೆ ಹೊಸದಾಗಿ ಬಂದ ಸೊಸೆ, ಅಳಿಯಂದಿರನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ, ಕುಟುಂಬದ ಅತ್ಯಂತ ಹಿರಿಯ ಅಜ್ಜಿ ಅವರ ಎಲೆಗೆ ಪಾಯಸ ಬಡಿಸುತ್ತಾರೆ. ಎರಡನೆಯ ಪಂಕ್ತಿಗೆ ಅದೇ ಹೊಸಬರು ಬಡಿಸಲು ಎದ್ದು ನಿಲ್ಲಬೇಕು. ಸೌಟು ಹಿಡಿದು ಸಾಲಿನುದ್ದಕ್ಕೂ ಸಾಗುವಾಗ ಪ್ರತಿಯೊಬ್ಬರೂ ತಮ್ಮ ಹೆಸರು, ಯಾವ ಕವಲು ಎಂದು ಹೇಳುತ್ತಾರೆ. ವೇದಿಕೆಯ ಮೇಲೆ ನಿಲ್ಲಿಸಿ ಪರಿಚಯ ಮಾಡಿಸುವುದಕ್ಕಿಂತ ಇದು ಎಷ್ಟೋ ಮೇಲು.

ಹಪ್ಪಳದ ಬೆಳಿಗ್ಗೆ

ಸಮ್ಮಿಲನಕ್ಕೆ ಎಲ್ಲರ ಕೈಯೂ ಸೇರುವ ಒಂದು ಕೆಲಸ ಇರಲೇಬೇಕು. ಆಟ, ಹಾಡು, ಬಹುಮಾನಗಳೆಲ್ಲ ಚೆನ್ನಾಗಿಯೇ ಇರುತ್ತವೆ, ಆದರೆ ಅವುಗಳಲ್ಲಿ ನೋಡುವವರೇ ಹೆಚ್ಚು. ನಮ್ಮ ಕೆಲಸ ಹಲಸಿನಕಾಯಿ ಹಪ್ಪಳ. ನಿಮ್ಮ ಸೀಮೆಯಲ್ಲಿ ಶಾವಿಗೆ ಒತ್ತುವುದಿರಬಹುದು, ಸಂಡಿಗೆ ಇಡುವುದಿರಬಹುದು, ಉಪ್ಪಿನಕಾಯಿ ಹಾಕುವುದಿರಬಹುದು. ಮೂರು ವರ್ಷದ ಮಗುವಿನಿಂದ ಎಂಬತ್ತು ದಾಟಿದವರವರೆಗೆ ಎಲ್ಲರಿಗೂ ಅದರಲ್ಲಿ ಒಂದು ಪಾತ್ರವಿದೆಯೇ ಎಂದು ನೋಡಿ ಆರಿಸಿಕೊಳ್ಳಿ.

ಹಪ್ಪಳಕ್ಕೆ ಚೆನ್ನಾಗಿ ಬಲಿತ, ಆದರೆ ಹಣ್ಣಾಗದ ಕಾಯಿ ಬೇಕು. ಮೇ ಎರಡನೆಯ ವಾರಕ್ಕೆ ಅನೇಕ ಮರಗಳ ಕಾಯಿ ಹಣ್ಣಿಗೆ ತಿರುಗಿರುತ್ತದೆ, ಆದ್ದರಿಂದ ತಡವಾಗಿ ಫಸಲು ಬಿಡುವ ಮರವನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಶನಿವಾರ ನಸುಕಿನಲ್ಲೇ ಗಂಡಸರು ಕಾಯಿ ಇಳಿಸಿ ಸೀಳುತ್ತಾರೆ. ಮೇಣ ಹತ್ತದಿರಲೆಂದು ಎಲ್ಲರೂ ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಜಗುಲಿಯಲ್ಲಿ ವೃತ್ತಾಕಾರವಾಗಿ ಕೂತು ಸೊಳೆ ಬಿಡಿಸುತ್ತಾರೆ. ಬೇಳೆ ತೆಗೆದು ಬೇರೆ ಬುಟ್ಟಿಗೆ ಹಾಕುವುದು ಚಿಕ್ಕ ಮಕ್ಕಳ ಪಾಲು. ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಒರಳಿಗೆ ಹಾಕಿ, ಉಪ್ಪು, ಮೆಣಸು, ಜೀರಿಗೆ ಸೇರಿಸಿ ಒನಕೆಯಲ್ಲಿ ಕುಟ್ಟಬೇಕು. ಆರಿದರೆ ಗಂಟು ಗಂಟಾಗಿ ಉಳಿಯುತ್ತದೆ, ಆದ್ದರಿಂದ ಕುಟ್ಟಲು ಗಟ್ಟಿ ತೋಳಿನ ಹುಡುಗರನ್ನು ಸರದಿಯಂತೆ ನಿಲ್ಲಿಸಿ. ಕುಟ್ಟಿದ್ದನ್ನು ನಿಂಬೆ ಗಾತ್ರದ ಉಂಡೆ ಮಾಡಿ, ಎಣ್ಣೆ ಸವರಿದ ಎರಡು ಹಾಳೆಗಳ ನಡುವೆ ಇಟ್ಟು, ಮಣೆಯಿಂದ ಒತ್ತುವುದು ಕೊನೆಯ ಹಂತ.

ಅಲ್ಲಿ ನಮ್ಮ ದೊಡ್ಡಮ್ಮ ಕುಳಿತಿರುತ್ತಾರೆ. ಅವರಿಗೆ ಈಗ ಮಣೆ ಒತ್ತುವ ಶಕ್ತಿಯಿಲ್ಲ, ಆದರೆ ಪ್ರತಿ ಹಪ್ಪಳವೂ ಅವರ ಕಣ್ಣೆದುರು ಹಾದುಹೋಗಬೇಕು. ಹಾಳೆಯನ್ನು ಬೆಳಕಿಗೆ ಎತ್ತಿ ಹಿಡಿದು, ಅದರ ಹಿಂದೆ ತಮ್ಮ ಬೆರಳಿನ ನೆರಳು ಕಾಣುತ್ತದೆಯೇ ಎಂದು ನೋಡುತ್ತಾರೆ. ಕಾಣದಿದ್ದರೆ, "ದಪ್ಪ ಆತು ಮಾಣಿ, ಇನ್ನೊಂದ್ ಸಲ ಒತ್ತು" ಎಂದು ಹಿಂದಕ್ಕೆ ಕೊಡುತ್ತಾರೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಮಕ್ಕಳು ಮರುವರ್ಷ ಬಂದಾಗ ಅಜ್ಜಿ ಹೇಳುವ ಮುಂಚೆಯೇ ತಾವೇ ಬೆಳಕಿಗೆ ಹಿಡಿದು ನೋಡುವುದನ್ನು ಕಂಡಿದ್ದೇನೆ.

ಎರಡು ದಿನದಲ್ಲಿ ಹಪ್ಪಳ ಪೂರ್ತಿ ಒಣಗುವುದಿಲ್ಲ. ಮಧ್ಯಾಹ್ನದ ಮೇಲೆ ಗುಡುಗಿನ ಮಳೆ ಬರುವ ದಿನಗಳೂ ಅವೇ. ಚಾಪೆಗಳನ್ನು ಅಡಕೆ ಒಣಗಿಸುವ ಅಟ್ಟದ ಮೇಲೆ ಹಾಸಿ, ಮಳೆಗೆ ಮುಚ್ಚಲು ಟಾರ್ಪಾಲು ಸಿದ್ಧವಿಟ್ಟುಕೊಂಡು, ಮೋಡ ನೋಡುವ ಕೆಲಸಕ್ಕೆ ಇಬ್ಬರು ಮಕ್ಕಳನ್ನು ನೇಮಿಸಿ. ಉಳಿದ ಒಣಗಿಸುವಿಕೆಯನ್ನು ಸರದಿಯ ಮನೆಯವರು ಮುಗಿಸಿ, ಮನೆಗೊಂದು ಕಟ್ಟಿನಂತೆ ಸಮನಾಗಿ ಹಂಚಿ, ಊರಿಗೆ ಬಂದುಹೋಗುವವರ ಕೈಯಲ್ಲಿ ಕಳಿಸುತ್ತಾರೆ. ಬರಲಾಗದವರ ಮನೆಗೂ ಕಟ್ಟು ತಪ್ಪಿಸಬೇಡಿ.

ಹಿನ್ನೀರಿನ ದಡಕ್ಕೆ

ಜಲಾಶಯದ ಗರಿಷ್ಠ ಮಟ್ಟ 1819 ಅಡಿ. ಬೇಸಿಗೆಯ ಕೊನೆಗೆ ನೀರು ಬಹಳ ಕೆಳಗಿಳಿದು ಹಳೆಯ ನೆಲ ತೆರೆದುಕೊಳ್ಳುತ್ತದೆ. ನೀರು ಇಳಿದ ವರ್ಷಗಳಲ್ಲಿ ಲಿಂಗನಮಕ್ಕಿಗಿಂತ ಮೊದಲು ಕಟ್ಟಿದ್ದ ಮಡೆನೂರು ಅಣೆಕಟ್ಟೆಯೂ ಎದ್ದು ಕಾಣುತ್ತದೆ. ನಾವು ಮೇ ತಿಂಗಳನ್ನು ಆರಿಸಿದ್ದಕ್ಕೆ ನಿಜವಾದ ಕಾರಣ ಇದೇ. ಕೆಲವು ವರ್ಷ ನಮ್ಮ ಹಳೆಯ ಮನೆಯ ಅಡಿಪಾಯದ ಕಲ್ಲುಗಳು, ಬಾವಿಯ ಕಟ್ಟೆ, ಕಪ್ಪಾದ ಮರದ ಬೊಡ್ಡೆಗಳು ಹೊರಬರುತ್ತವೆ, ಕೆಲವು ವರ್ಷ ಬರುವುದಿಲ್ಲ. ಬಂದರೂ ಬರದಿದ್ದರೂ ಭಾನುವಾರ ಬೆಳಿಗ್ಗೆ ದಡದವರೆಗೆ ಹೋಗಿ, ತುಳಸಿಕಟ್ಟೆ ಇದ್ದ ದಿಕ್ಕಿಗೆ ಒಂದು ತೆಂಗಿನಕಾಯಿ, ಹೂವು ಇಟ್ಟು ಬರುತ್ತೇವೆ.

ಇಂಥ ಭೇಟಿಗೆ ಎಚ್ಚರ ಬೇಕು. ನೀರು ಹಿಂದೆ ಸರಿದ ಜಾಗದಲ್ಲಿ ಮೇಲ್ಪದರ ಒಣಗಿ ಬಿರುಕು ಬಿಟ್ಟಿದ್ದರೂ ಒಳಗೆ ಕೆಸರು ಹಸಿಯಾಗಿಯೇ ಇರುತ್ತದೆ; ಸ್ಥಳೀಯರೊಬ್ಬರನ್ನು ಮುಂದಿಟ್ಟುಕೊಂಡು ಅವರ ಹೆಜ್ಜೆಯ ಮೇಲೆಯೇ ನಡೆಯಿರಿ. ದೋಣಿ ಹತ್ತುವುದಾದರೆ ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ. ಅರಣ್ಯ ಇಲಾಖೆಯ ವ್ಯಾಪ್ತಿಯ ಜಾಗವಾದರೆ ಮುಂಚೆಯೇ ಅನುಮತಿ ಪಡೆಯಿರಿ. ಬಿಸಿಲೇರುವ ಮೊದಲು, ಅಂದರೆ ಹತ್ತು ಗಂಟೆಯೊಳಗೆ, ಹಿಂತಿರುಗಿ. ಹೊಳೆಯಾಚೆಯ ಊರುಗಳಿಗೆ ಹೋಗಬೇಕಾದವರು ಹಿಂದೆ ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು, ಸಂಜೆಯ ಕೊನೆಯ ಲಾಂಚು ತಪ್ಪಿದರೆ ಈಚೆಯೇ ಉಳಿಯಬೇಕಿತ್ತು. 2025ರ ಜುಲೈ 14ರಂದು ಕಳಸವಳ್ಳಿಗೆ ಸೇತುವೆ ಉದ್ಘಾಟನೆಯಾದ ಮೇಲೆ ಆ ತೊಂದರೆ ತಪ್ಪಿದೆ. ಎಂಬತ್ತು ದಾಟಿದವರನ್ನೂ ವಾಹನದಲ್ಲಿ ಕರೆದೊಯ್ಯಬಹುದು.

ಹೋಗುವಾಗ ಹಳೆಯ ಊರನ್ನು ಕಂಡ ಹಿರಿಯರ ಪಕ್ಕದಲ್ಲಿ ನೋಟ್‌ಪುಸ್ತಕ ಹಿಡಿದ ಒಬ್ಬರನ್ನು, ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಳ್ಳುವ ಒಬ್ಬರನ್ನು ನಿಲ್ಲಿಸಿ. "ನಿಮ್ಮ ಬಾಲ್ಯದ ಬಗ್ಗೆ ಹೇಳಿ" ಎಂದು ಕೇಳಿದರೆ ಅವರಿಗೆ ಏನು ಹೇಳಬೇಕೆಂದು ತೋಚುವುದಿಲ್ಲ. ಕೊಟ್ಟಿಗೆ ಯಾವ ಕಡೆಗಿತ್ತು, ಬಚ್ಚಲಿಗೆ ನೀರು ಎಲ್ಲಿಂದ ಬರುತ್ತಿತ್ತು, ಮನೆ ಬಿಟ್ಟ ದಿನ ಗಾಡಿಯಲ್ಲಿ ಮೊದಲು ಏನು ಹೇರಿದರು ಎಂದು ಕೇಳಿ.

ವಂಶವೃಕ್ಷ

ವಂಶವೃಕ್ಷವನ್ನು ಒಂದೇ ಸಲಕ್ಕೆ ಪೂರ್ಣಗೊಳಿಸುವ ಹಟ ಬೇಡ. ಪ್ರತಿವರ್ಷ ಅಷ್ಟಷ್ಟು ಬೆಳೆಸಿ. ಆರಂಭಕ್ಕೆ ಒಳ್ಳೆಯ ಆಧಾರ ಶ್ರಾದ್ಧದಲ್ಲಿ ಹೇಳುವ ಹೆಸರುಗಳು: ತಂದೆ, ಅಜ್ಜ, ಮುತ್ತಜ್ಜ ಎಂದು ಮೂರು ತಲೆಮಾರು ಅಲ್ಲೇ ಸಿಗುತ್ತದೆ. ಅದರಾಚೆಗೆ ಹಳೆಯ ಪಾಲುಪಟ್ಟಿ, ಪಹಣಿ, ಮುಳುಗಡೆಯ ಪರಿಹಾರದ ಕಾಗದ, ಜಾತಕಗಳು ನೆರವಾಗುತ್ತವೆ. ಅಜ್ಜನ ಹೆಸರನ್ನೇ ಮೊಮ್ಮಗನಿಗಿಡುವ ಪದ್ಧತಿಯಿಂದ ಒಂದೇ ಹೆಸರು ಮತ್ತೆ ಮತ್ತೆ ಬರುತ್ತದೆ. ಪ್ರತಿ ಹೆಸರಿನ ಪಕ್ಕ ಹೆಂಡತಿಯ ಹೆಸರನ್ನೂ ಅವರ ತವರೂರನ್ನೂ ಬರೆದರೆ ಗೊಂದಲ ತಪ್ಪುತ್ತದೆ, ಹಳೆಯ ಪಟ್ಟಿಗಳಲ್ಲಿ ಬಿಟ್ಟುಹೋದ ಹೆಣ್ಣುಮಕ್ಕಳೂ ಜಾಗ ಪಡೆಯುತ್ತಾರೆ. ಹಿರಿಯರು ಇಸವಿ ಹೇಳದೆ ಸಂವತ್ಸರ ಹೇಳಿದರೆ ಗಾಬರಿಯಾಗಬೇಡಿ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ: ಕ್ರೋಧಿ ಎಂದರೆ 1964-65, ಮತ್ತೆ 2024-25. "ನಾನು ಹುಟ್ಟಿದ್ದು ಮುಳುಗಡೆಗೆ ಎಂಟು ವರ್ಷ ಮುಂಚೆ" ಎನ್ನುವ ಲೆಕ್ಕವೂ ನಮ್ಮಲ್ಲಿ ಅಷ್ಟೇ ಗಟ್ಟಿಯಾದದ್ದು.

ಹೊರದೇಶದವರನ್ನು ವಿಡಿಯೊ ಕರೆಯಲ್ಲಿ ಸೇರಿಸಿಕೊಳ್ಳುವುದಾದರೆ ಶನಿವಾರ ಸಂಜೆ ಏಳು ಗಂಟೆ ಸೂಕ್ತ. ಮೇ ತಿಂಗಳಲ್ಲಿ ಆಗ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಒಂಬತ್ತೂವರೆ, ಕ್ಯಾಲಿಫೋರ್ನಿಯಾದಲ್ಲಿ ಆರೂವರೆ. ಅವರಿಗೂ ಕೆಲಸ ಕೊಡಿ. ನಮ್ಮ ವಂಶವೃಕ್ಷವನ್ನು ಟೈಪು ಮಾಡಿ ತಿದ್ದಿ ಇಡುವವರು ಅಲ್ಲಿರುವ ಒಬ್ಬ ಸೋದರಳಿಯ.

ಅಡಚಣೆಗಳು

ಸಮ್ಮಿಲನ ಹತ್ತಿರವಿರುವಾಗ ಕುಟುಂಬದಲ್ಲಿ ಸಾವು ಅಥವಾ ಜನನವಾಗಬಹುದು. ದಾಯಾದಿಗಳಿಗೆಲ್ಲ ಹತ್ತು ದಿನ ಸೂತಕವಿರುವುದರಿಂದ ದೇವರ ಪೂಜೆ ನಡೆಸುವಂತಿಲ್ಲ. ಅಂಥ ವರ್ಷ ಪೂಜೆಯನ್ನೂ ಸಿಹಿಯನ್ನೂ ಬಿಟ್ಟು, ಸೇರುವುದನ್ನು ಮಾತ್ರ ಬಿಡಬೇಡಿ ಎಂಬುದು ನನ್ನ ಅಭಿಪ್ರಾಯ. ಸಾವಾದ ಮನೆಯವರ ಒಪ್ಪಿಗೆ ಕೇಳಿ, ಅವರ ಊರಿನಲ್ಲೇ ಸರಳವಾಗಿ ಸೇರಿ. ನಾವು ಒಮ್ಮೆ ಹಾಗೆ ಮಾಡಿದೆವು. ಹಪ್ಪಳವಿರಲಿಲ್ಲ, ಹಾಡಿರಲಿಲ್ಲ, ಆ ಮನೆಯ ಅಂಗಳದಲ್ಲಿ ಕುಳಿತು ಹೋದವರ ಬಗ್ಗೆ ಮಾತಾಡಿದೆವು.

ಆಸ್ತಿ, ಪಾಲು, ಮೊಕದ್ದಮೆಗಳ ಮಾತನ್ನು ಆ ಎರಡು ದಿನ ಯಾರೂ ಎತ್ತಕೂಡದೆಂದು ಮೊದಲೇ ಎಲ್ಲರಿಂದ ಒಪ್ಪಿಗೆ ಪಡೆಯಿರಿ. ಮುನಿಸಿಕೊಂಡವರನ್ನು ಕರೆಯಲು ಸಂದೇಶ ಕಳಿಸಿ ಸುಮ್ಮನಾಗಬೇಡಿ. ಅವರ ಮನೆಗೇ ಹೋಗಿ ಕರೆಯಿರಿ, ಹೋಗುವವರು ಅವರಿಗಿಂತ ಹಿರಿಯರಾಗಿರಲಿ.

ಹೊಣೆ ದಾಟಿಸುವುದು

ನಮ್ಮಲ್ಲೊಂದು ತಗಡಿನ ಪೆಟ್ಟಿಗೆಯಿದೆ. ಅದರಲ್ಲಿ ಲೆಕ್ಕದ ಪುಸ್ತಕ, ವಂಶವೃಕ್ಷದ ಪ್ರತಿ, ಪ್ರತಿ ವರ್ಷದ ಒಂದು ಗುಂಪು ಫೋಟೊ, ಅಡುಗೆಯ ಸಾಮಾನಿನ ಪಟ್ಟಿ, ಹಿಂದಿನವರು ಮುಂದಿನವರಿಗೆ ಬರೆದ ಚೀಟಿಗಳು ಇವೆ. ಚೀಟಿಯಲ್ಲಿ ಆ ವರ್ಷ ಏನು ಕಡಿಮೆಯಾಯಿತು, ಏನು ದಂಡವಾಯಿತು ಎಂದು ನೇರವಾಗಿ ಬರೆಯಬೇಕು: "ಮಜ್ಜಿಗೆ ಸಾಲಲಿಲ್ಲ", "ಹಿರಿಯರಿಗೆ ಕುರ್ಚಿ ಇನ್ನೂ ಹತ್ತು ಬೇಕು", "ರಾತ್ರಿ ಕರೆಂಟು ಹೋಯಿತು, ಚಾರ್ಜರ್ ದೀಪ ತನ್ನಿ". ಭಾನುವಾರ ಸಂಜೆ ಕಾಫಿಯ ನಂತರ ಈ ಪೆಟ್ಟಿಗೆಯನ್ನು ಮುಂದಿನ ಕವಲಿನವರಿಗೆ ಕೊಡುತ್ತೇವೆ. ಪೆಟ್ಟಿಗೆ ತೆಗೆದುಕೊಳ್ಳುವವರು ಆ ಕವಲಿನ ಹಿರಿಯರಲ್ಲ, ಮೂವತ್ತು ದಾಟದ ಇಬ್ಬರು; ಹಿರಿಯರು ಅವರ ಹಿಂದೆ ನಿಂತಿರುತ್ತಾರೆ. ಅವರು ಎಲ್ಲರೆದುರೇ ಪೆಟ್ಟಿಗೆ ತೆರೆದು, ಪಟ್ಟಿಯಂತೆ ಎಲ್ಲವೂ ಇದೆಯೇ ಎಂದು ನೋಡಿ, ಪುಸ್ತಕದ ಹೊಸ ಪುಟದಲ್ಲಿ ಮುಂದಿನ ಮೇ ತಿಂಗಳ ಎರಡನೆಯ ಶನಿವಾರದ ದಿನಾಂಕ ಬರೆದು ತಮ್ಮ ಹೆಸರು ಹಾಕುತ್ತಾರೆ. ಪೆಟ್ಟಿಗೆ ಅವರ ವಾಹನಕ್ಕೆ ಏರಿದ ಮೇಲೆ ಉಳಿದವರು ಹೊರಡುತ್ತಾರೆ.